ಕೆರಿಬಿಯನ್‌ನಲ್ಲಿ ಹನಿಮೂನ್, ಅದೂ ಕಾರಿನಲ್ಲಿ: ಕ್ವಿಯರ್ ಜೋಡಿಗೆ ಯಾವ ದ್ವೀಪ ಸರಿ?

ಕೆರಿಬಿಯನ್ ಅಂದ ಕೂಡಲೇ ಎಲ್ಲರೂ ಮೊದಲು ನೋಡುವುದು ಬೀಚಿನ ಫೋಟೊ. ಫೋಟೊ ನೋಡಿ ದ್ವೀಪ ಆರಿಸಲು ಹೊರಟರೆ ತಲೆ ಕೆಡುತ್ತದೆ, ಯಾಕೆಂದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಇಬ್ಬರು ಗಂಡಸರೋ ಇಬ್ಬರು ಹೆಂಗಸರೋ ಮದುವೆಯಾಗಿ, ಕಾರು ಬಾಡಿಗೆಗೆ ಹಿಡಿದು ದ್ವೀಪ ಸುತ್ತುವ ಯೋಚನೆ ಇದ್ದರೆ ಮೊದಲು ನೋಡಬೇಕಾದ್ದು ಬೇರೆ. ಅಲ್ಲಿನ ಕಾನೂನು, ನಿಮ್ಮ ಪಾಸ್‌ಪೋರ್ಟಿಗೆ ಸಿಗುವ ವೀಸಾ, ಆಮೇಲೆ ರಸ್ತೆ. ಬೀಚ್ ಹೇಗೂ ಇರುತ್ತದೆ.

ಕಾನೂನನ್ನು ಮೊದಲು ಹೇಳಿದ್ದಕ್ಕೆ ಕಾರಣ ಇದೆ. ದೊಡ್ಡ ರೆಸಾರ್ಟಿನ ಗೇಟಿನೊಳಗೆ ವಾರ ಕಳೆಯುವವರಿಗೆ ಹೊರಗಿನ ದೇಶ ಯಾವುದಾದರೂ ಜಾಸ್ತಿ ವ್ಯತ್ಯಾಸ ಆಗುವುದಿಲ್ಲ. ದುಡ್ಡು ಕೊಟ್ಟಿದ್ದೀರಿ, ಸಿಬ್ಬಂದಿ ನಗುತ್ತಾರೆ, ಮುಗಿಯಿತು. ಕಾರಿನಲ್ಲಿ ಹೊರಟವರ ಕಥೆ ಹಾಗಲ್ಲ. ಪೆಟ್ರೋಲ್ ಬಂಕು, ಹಳ್ಳಿಯ ಊಟದ ಅಂಗಡಿ, ನಾಲ್ಕೇ ರೂಮಿನ ಗೆಸ್ಟ್‌ಹೌಸು, ರಸ್ತೆಬದಿಯ ಪೊಲೀಸು, ಪಂಕ್ಚರ್ ಆದಾಗ ಸಹಾಯಕ್ಕೆ ಬರುವ ಅಪರಿಚಿತ, ಇವರೆಲ್ಲರ ಮುಂದೆ ನೀವು ಜೋಡಿಯಾಗಿ ನಿಲ್ಲಬೇಕು. ಏನಾದರೂ ಅಪಘಾತ ಆಗಿ ಒಬ್ಬರು ಆಸ್ಪತ್ರೆ ಸೇರಿದರೆ ಇನ್ನೊಬ್ಬರು ‘ನಾನು ಇವರ ಮನೆಯವಳು’ ಅನ್ನಲು ಆಗಬೇಕು. ಕಾನೂನು ಲೆಕ್ಕಕ್ಕೆ ಬರುವುದು ಅಲ್ಲಿ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇಲ್ಲಿ ಒಂದು ತಮಾಷೆ ಇದೆ. ವೀಸಾ ಸುಲಭ ಇರುವ ದ್ವೀಪದಲ್ಲಿ ಕಾನೂನು ಕಷ್ಟ, ಕಾನೂನು ಸುಲಭ ಇರುವ ದ್ವೀಪಕ್ಕೆ ವೀಸಾ ಕಷ್ಟ. ಜಮೈಕಾ, ಟ್ರಿನಿಡಾಡ್, ಗ್ರೆನಡಾ, ಇವು ನಮ್ಮನ್ನು ವೀಸಾ ಇಲ್ಲದೆಯೇ ಕರೆಯುತ್ತವೆ. ಮೂರೂ ಬ್ರಿಟಿಷರು ಆಳಿದ ಜಾಗ, ಮೂರರಲ್ಲೂ ಸಲಿಂಗ ಸಂಬಂಧವನ್ನು ಅಪರಾಧ ಅನ್ನುವ, ಅವರು ಬಿಟ್ಟುಹೋದ ಕಾನೂನು ಇನ್ನೂ ಕೂತಿದೆ. ನಮ್ಮ 377ನೇ ಸೆಕ್ಷನ್ 1860ರದ್ದು, ಜಮೈಕಾದ ಕಾನೂನು 1864ರದ್ದು. ಒಂದೇ ಅಂಗಡಿಯ ಮಾಲು ಅನ್ನಿ. ನಮ್ಮದನ್ನು 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಕಳಚಿತು, ಜಮೈಕಾದ್ದು ಹಾಗೇ ಇದೆ. ಫ್ರೆಂಚರು, ಡಚ್ಚರು, ಅಮೆರಿಕದವರು ಹಿಡಿದಿಟ್ಟುಕೊಂಡ ದ್ವೀಪಗಳಲ್ಲಿ ಹೆಚ್ಚಿನ ಕಡೆ ಇಂದು ಸಲಿಂಗಿ ಮದುವೆಯೇ ಕಾನೂನುಬದ್ಧ. ಆದರೆ ಅಲ್ಲಿಗೆ ಹೋಗಲು ಪ್ಯಾರಿಸ್ಸಿನದ್ದೋ ಹೇಗ್‌ನದ್ದೋ ವಾಷಿಂಗ್ಟನ್ನಿನದ್ದೋ ಮುದ್ರೆ ಬೇಕು.

ಹೀಗಾಗಿ ನನ್ನ ಪಟ್ಟಿಯಲ್ಲಿ ಉಳಿಯುವುದು ಪೋರ್ಟೊರಿಕೊ, ಕುರಸಾವ್, ಗ್ವಾಡಲೂಪ್. ಅಮೆರಿಕ, ಯುರೋಪ್ ಎರಡರ ವೀಸಾದ ಗೊಡವೆಯೂ ಬೇಡ ಅನ್ನುವವರಿಗೆ ಬಾರ್ಬಡೋಸ್ ಮತ್ತು ಡೊಮಿನಿಕಾ.

ಪೋರ್ಟೊರಿಕೊ: ಕಾರಿಗೆ ಹೇಳಿ ಮಾಡಿಸಿದ ದ್ವೀಪ

ಅಮೆರಿಕದಲ್ಲಿ ಇರುವ ಕನ್ನಡಿಗರು ಮುಂದೆ ಓದುವ ಅಗತ್ಯವೇ ಇಲ್ಲ, ಇಲ್ಲಿಗೇ ಟಿಕೆಟ್ ಮಾಡಿ. ಪೋರ್ಟೊರಿಕೊ ಅಮೆರಿಕದ್ದೇ ಪ್ರದೇಶ. ನ್ಯೂಜೆರ್ಸಿಯಿಂದ ಹೋಗುವುದು ದೇಶದೊಳಗಿನ ವಿಮಾನ. ಎಚ್-1ಬಿ ಅನ್ನುವ ಕೆಲಸದ ವೀಸಾದ ಮೇಲೆ ಇದ್ದು, ಪಾಸ್‌ಪೋರ್ಟಿನ ವೀಸಾ ಸ್ಟ್ಯಾಂಪ್ ಅವಧಿ ಮುಗಿದವರಿಗೆ ಇದು ಎಷ್ಟು ದೊಡ್ಡ ನೆಮ್ಮದಿ ಅಂತ ಆ ಅವಸ್ಥೆಯಲ್ಲಿ ಇರುವವರಿಗೇ ಗೊತ್ತು. ಹೊರದೇಶಕ್ಕೆ ಹೋದರೆ ವಾಪಸ್ ಬರಲು ಸ್ಟ್ಯಾಂಪಿಂಗ್, ಇಲ್ಲಿಗೆ ಹೋದರೆ ಆ ತಲೆನೋವಿಲ್ಲ. ಆದರೂ ಪಾಸ್‌ಪೋರ್ಟು, ಐ-94 (ಅಮೆರಿಕಕ್ಕೆ ಬಂದ ದಾಖಲೆ), ಕೆಲಸದ ಕಾಗದ ಜೊತೆಯಲ್ಲಿರಲಿ. ವಿಮಾನ ನಿಲ್ದಾಣದಲ್ಲಿ ಕೇಳಿದರೆ ತೋರಿಸಬೇಕಾಗುತ್ತದೆ.

ಸಲಿಂಗಿ ಮದುವೆ ಇಲ್ಲಿ 2015ರಿಂದ ಕಾನೂನುಬದ್ಧ, ಅಮೆರಿಕದ ಉಳಿದ ಕಡೆಯಂತೆಯೇ. ಸಾನ್ ವಾನ್‌ನ ಕೊಂಡಾಡೊ, ಓಷನ್ ಪಾರ್ಕ್, ಸಾಂತುರ್ಸೆ ಕಡೆ ಗೇ ಬಾರುಗಳು, ಬೀಚುಗಳು ಬಹಳ ಹಿಂದಿನಿಂದ ಇವೆ. ಕಾರಿನಲ್ಲಿ ಹೋಗುವವರಿಗೆ ಅದಕ್ಕಿಂತ ಮುಖ್ಯ ಇನ್ನೊಂದು: ನೈಋತ್ಯ ಮೂಲೆಯಲ್ಲಿ, ರಾಜಧಾನಿಯಿಂದ ಇಡೀ ದ್ವೀಪದಷ್ಟು ದೂರದಲ್ಲಿರುವ ಬೊಕೆರೋನ್ ಅನ್ನುವ ಚಿಕ್ಕ ಮೀನುಗಾರರ ಊರಿನಲ್ಲೂ ಪ್ರತಿವರ್ಷ ಜೂನ್‌ನಲ್ಲಿ ಪ್ರೈಡ್, ಅಂದರೆ ಕ್ವಿಯರ್ ಜನರ ಹಬ್ಬ, ನಡೆಯುತ್ತದೆ. ರಾಜಧಾನಿ ದಾಟಿದ ಮೇಲೂ ಉಸಿರು ಬಿಡಬಹುದಾದ ಊರುಗಳಿವೆ ಅನ್ನುವುದು ರೋಡ್ ಟ್ರಿಪ್‌ಗೆ ತುಂಬಾ ಬೇಕಾದ್ದು. ಎಲ್ಲ ಸರಿ ಅಂತಲೂ ಅಲ್ಲ. 2020ರಲ್ಲಿ ಇಲ್ಲಿ ಹಲವು ಟ್ರಾನ್ಸ್ ಜನರ ಕೊಲೆಗಳಾದವು. ಆ ಫೆಬ್ರವರಿಯಲ್ಲಿ ಇಲ್ಲಿನ ಗಾಯಕ ಬ್ಯಾಡ್ ಬನ್ನಿ ಅಮೆರಿಕದ ಟಿವಿ ಷೋಗೆ ಸ್ಕರ್ಟು ತೊಟ್ಟು ಹೋಗಿ ಒಂದು ಕೊಲೆಯ ಬಗ್ಗೆ ಅಂಗಿಯ ಮೇಲೆಯೇ ಬರೆದುಕೊಂಡು ಹಾಡಿದ್ದ. ಬೆಟ್ಟದ ಊರುಗಳಲ್ಲಿ ಚರ್ಚಿನ ಜನ ಜಾಸ್ತಿ. ಅಲ್ಲಿ ನಮ್ಮ ಕಡೆಯ ಸಣ್ಣ ಊರಿನಲ್ಲಿ ಹೇಗಿರುತ್ತೀರೋ ಹಾಗಿದ್ದರೆ ಸಾಕು.

ಪಾಸ್‌ಪೋರ್ಟಿನಲ್ಲಿ ‘ಟಿ’ (ಟ್ರಾನ್ಸ್‌ಜೆಂಡರ್) ಗುರುತು ಇರುವವರಿಗೆ ಮಾತ್ರ ಇದು ನನ್ನ ಮೊದಲ ಸಲಹೆ ಅಲ್ಲ. 2025ರ ಜನವರಿಯಿಂದ ಅಮೆರಿಕ ಸರ್ಕಾರ ಗಂಡು, ಹೆಣ್ಣು ಎರಡನ್ನೇ ಲೆಕ್ಕಕ್ಕೆ ಹಿಡಿದಿದೆ. ಹನಿಮೂನಿಗೆ ಹೊರಟವರು ಇಮಿಗ್ರೇಷನ್ ಕೌಂಟರಿನಲ್ಲಿ ಆ ವಾದಕ್ಕೆ ಯಾಕೆ ಇಳಿಯಬೇಕು?

ಈಗ ರಸ್ತೆ. ದ್ವೀಪ ಸುಮಾರು 160 ಕಿ.ಮೀ. ಉದ್ದ, 55 ಕಿ.ಮೀ. ಅಗಲ. ಸುತ್ತ ಒಳ್ಳೆಯ ಹೆದ್ದಾರಿ, ನಡುವೆ ಬೆಟ್ಟ. ದೂರದ ಬೋರ್ಡುಗಳು ಕಿಲೋಮೀಟರಿನಲ್ಲಿ, ವೇಗಮಿತಿಯ ಬೋರ್ಡುಗಳು ಮೈಲಿನಲ್ಲಿ, ಪೆಟ್ರೋಲ್ ಲೀಟರಿನಲ್ಲಿ. ಮೊದಲ ದಿನ ತಲೆ ತಿರುಗುತ್ತದೆ, ಆಮೇಲೆ ರೂಢಿಯಾಗುತ್ತದೆ. ಟೋಲ್ ಎಲ್ಲ ಎಲೆಕ್ಟ್ರಾನಿಕ್, ಬಾಡಿಗೆ ಕಾರಿನಲ್ಲೇ ಟ್ಯಾಗ್ ಇರುತ್ತದೆ. ಇದೆಯೋ ಇಲ್ಲವೋ ಕೀಲಿ ತಗೊಳ್ಳುವಾಗಲೇ ಕೇಳಿ. ಒಳರಸ್ತೆಗಳಲ್ಲಿ ಗುಂಡಿಗಳು ಉಂಟು, ಬೆಂಗಳೂರಿನಲ್ಲಿ ಗಾಡಿ ಓಡಿಸಿದವರಿಗೆ ಇದರ ಬಗ್ಗೆ ಪಾಠ ಬೇಡ.

ಸಾನ್ ವಾನ್‌ನಿಂದ ಪೂರ್ವಕ್ಕೆ ಹೊರಟು ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತುವುದು ಒಳ್ಳೆಯದು. ಮೊದಲಿಗೆ ಎಲ್ ಯುಂಕೆ ಮಳೆಕಾಡು. 191ನೇ ರಸ್ತೆ ಕಾಡಿನೊಳಗೆ ಹತ್ತುತ್ತದೆ, ಲಾ ಕೊಕಾ ಜಲಪಾತ ರಸ್ತೆಯ ಅಂಚಿಗೇ ಸುರಿಯುತ್ತದೆ, ಕಾರಿನ ಕಿಟಕಿ ಇಳಿಸಿದರೆ ತಣ್ಣನೆ ಹನಿ ಮುಖಕ್ಕೆ ಬಡಿಯುತ್ತದೆ. ಮ್ಯಾಪಿನಲ್ಲಿ ಈ ರಸ್ತೆ ಬೆಟ್ಟ ದಾಟಿ ದಕ್ಷಿಣಕ್ಕೆ ಹೋಗುವಂತೆ ಕಾಣಿಸಬಹುದು, ಅದನ್ನು ನಂಬಬೇಡಿ. 1970ರ ದಶಕದಲ್ಲಿ ಗುಡ್ಡ ಕುಸಿದಾಗಿನಿಂದ ನಡುವೆ ರಸ್ತೆ ಮುಚ್ಚಿದೆ. ಬಂದ ದಾರಿಯಲ್ಲೇ ಇಳಿದು ಲುಕಿಯೊ ಬೀಚಿನ ಪಕ್ಕದ ಸಾಲು ಗೂಡಂಗಡಿಗಳಲ್ಲಿ ಊಟ ಮಾಡಿ, ಫಹಾರ್ಡೊ ಮೇಲೆ ದಕ್ಷಿಣಕ್ಕೆ ತಿರುಗಿಕೊಳ್ಳಬೇಕು.

ಊಟದ ವಿಷಯ. ನಾನು ಮೈಸೂರಿನವಳು, ಎಲ್ಲ ತಿನ್ನುತ್ತೇನೆ. ನನ್ನ ಹೆಂಡತಿ ಹುಬ್ಬಳ್ಳಿಯವಳು, ಮೊಟ್ಟೆಯನ್ನೂ ಮುಟ್ಟುವವಳಲ್ಲ. ಪೋರ್ಟೊರಿಕೊದಲ್ಲಿ ಅನ್ನ, ಹುರುಳಿಕಾಯಿ ಬೀಜದ ಸಾರು ಅಂತ ನೋಡಲು ನಮ್ಮ ಊಟದಂತೆಯೇ ಇರುತ್ತದೆ. ಆದರೆ ಅದರಲ್ಲಿ ಹಂದಿಮಾಂಸದ ಚೂರು ಇದ್ದೇ ಇರುತ್ತದೆ ಅಂದುಕೊಳ್ಳಿ, ಕೇಳದೆ ತಿನ್ನಬೇಡಿ. ಬಾಳೆಕಾಯಿಯನ್ನು ಕರಿದು, ಬೆಳ್ಳುಳ್ಳಿ ಹಾಕಿ ಮರದ ಒರಳಲ್ಲಿ ಕುಟ್ಟಿ ಮಾಡುವ ಮೊಫೊಂಗೊ ಇಲ್ಲಿನ ಹೆಮ್ಮೆ. ಹಂದಿ ಬೇಡ ಅಂದರೆ ಬರೀ ಬೆಳ್ಳುಳ್ಳಿಯದ್ದು ಮಾಡಿಕೊಡುತ್ತಾರೆ. ಅದು, ಕರಿದ ಬಾಳೆಕಾಯಿ ಬಿಲ್ಲೆ, ಸಿಹಿ ಬಾಳೆಹಣ್ಣು, ಅವಳ ಹನಿಮೂನ್ ಊಟ ಇಷ್ಟೇ. ಮಾಂಸ ತಿನ್ನುವವರು ಕಾಯೆಯ್ ಹತ್ತಿರ 184ನೇ ರಸ್ತೆಯ ಗ್ವಾವಾಟೆಗೆ ಭಾನುವಾರ ಹೋಗಬೇಕು. ಇಡೀ ಹಂದಿಯನ್ನು ಕೋಲಿಗೆ ಚುಚ್ಚಿ ಕೆಂಡದ ಮೇಲೆ ತಿರುಗಿಸುತ್ತಾ ಇರುತ್ತಾರೆ, ಪಕ್ಕದಲ್ಲೇ ಸಂಗೀತ, ಕುಣಿತ. ನಾನು ಬಾಯಿ ಬಿಟ್ಟು ನೋಡುತ್ತಾ ಕಾರು ನಿಧಾನ ಮಾಡಿದ್ದಕ್ಕೆ ಪಕ್ಕದಿಂದ ಬಂದ ಮಾತು: “ಹಂಗೇನ್ ನೋಡ್ತಿ? ರಸ್ತಾ ನೋಡಿ ಗಾಡಿ ಹೊಡಿ.”

ದಕ್ಷಿಣದಲ್ಲಿ ಪೊನ್ಸೆ ಊರಿನ ಕೆಂಪು-ಕಪ್ಪು ಪಟ್ಟೆಯ ಹಳೇ ಫೈರ್ ಸ್ಟೇಷನ್ ನೋಡಿ, ಗ್ವಾನಿಕಾದ ಒಣಕಾಡು ದಾಟಿ ಲಾ ಪಾರ್ಗೆರಾಕ್ಕೆ ಬನ್ನಿ. ರಾತ್ರಿ ನೀರು ಮಿನುಗುವ ಮೂರು ಕೊಲ್ಲಿಗಳು ಪೋರ್ಟೊರಿಕೊದಲ್ಲಿವೆ: ಬಿಯೇಕೆಸ್ ದ್ವೀಪದ ಮೊಸ್ಕಿಟೊ ಬೇ, ಫಹಾರ್ಡೊದ ಲಗೂನಾ ಗ್ರಾಂಡೆ, ಇನ್ನೊಂದು ಇದು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ನೀರು ಅಲುಗಿದಾಗ ನೀಲಿ ಬೆಳಕು ಬಿಡುತ್ತವೆ. ಮೊಸ್ಕಿಟೊ ಬೇ ಎಲ್ಲಕ್ಕಿಂತ ಪ್ರಖರ, ಆದರೆ ನೀರಿಗೆ ಇಳಿಯುವ ಹಾಗಿಲ್ಲ. ಅಲ್ಲಿಗೆ ಸೆಯ್ಬಾದಿಂದ ಫೆರಿ ಹಿಡಿಯಬೇಕು, ಬಾಡಿಗೆ ಕಾರನ್ನು ದಡದಲ್ಲೇ ಬಿಟ್ಟು ಹೋಗಬೇಕು. ಲಾ ಪಾರ್ಗೆರಾದಲ್ಲಿ ಬೆಳಕು ಸ್ವಲ್ಪ ಮಂಕು, ಆದರೆ ಈಜಬಹುದು, ಕಾರಿನಲ್ಲೇ ಊರಿನವರೆಗೂ ಹೋಗಬಹುದು. ಹನಿಮೂನಿಗೆ ನನ್ನ ಓಟು ಇದಕ್ಕೇ. ಒಂದು ವಿಷಯ: ಚಂದ್ರ ಇದ್ದರೆ ಏನೂ ಕಾಣುವುದಿಲ್ಲ. ಅಮಾವಾಸ್ಯೆಯ ಆಸುಪಾಸಿಗೆ ಬುಕ್ ಮಾಡಿ. ಮದುವೆಗೆ ಮುಹೂರ್ತ ನೋಡಿದ ಅಜ್ಜಿಗೆ ಇದನ್ನು ಹೇಳುವುದು ಬೇಡ.

ಅಲ್ಲಿಂದ ಕಾಬೊ ರೊಹೊ ಲೈಟ್‌ಹೌಸು, ಬೊಕೆರೋನ್, ಸರ್ಫಿಂಗ್ ಊರು ರಿಂಕೋನ್, ಉತ್ತರದ ಹೆದ್ದಾರಿ ಹಿಡಿದು ವಾಪಸ್. ಒಂದು ವಾರ ಇಟ್ಟುಕೊಂಡರೆ ಬಿಡುವಾಗಿ ಆಗುತ್ತದೆ. ಹೊರಡುವಾಗ ವಿಮಾನ ನಿಲ್ದಾಣದಲ್ಲಿ ಕೃಷಿ ಇಲಾಖೆಯವರು ಬ್ಯಾಗು ನೋಡುತ್ತಾರೆ, ಮಾವಿನಹಣ್ಣು ತರಲು ಬಿಡುವುದಿಲ್ಲ. ಅಲ್ಲೇ ತಿಂದು ಬನ್ನಿ.

ಕುರಸಾವ್: ಬೆಂಗಳೂರಿನಿಂದ ಹೊರಡುವವರಿಗೆ, ಸೆಪ್ಟೆಂಬರಿನಲ್ಲಿ ಹೋಗುವವರಿಗೆ

ಭಾರತದಿಂದ ಹೊರಟರೆ ಲೆಕ್ಕ ಬದಲಾಗುತ್ತದೆ. ಅಮೆರಿಕದ ವೀಸಾ ಅಪಾಯಿಂಟ್‌ಮೆಂಟಿಗೆ ಕಾಯುವಷ್ಟರಲ್ಲಿ ಮೊದಲ ಆ್ಯನಿವರ್ಸರಿ ಬಂದರೂ ಬಂತು. ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮ್, ಅಲ್ಲಿಂದ ಕುರಸಾವ್, ಒಂದೇ ಕಡೆ ಇಳಿದು ಹತ್ತಿದರೆ ಆಯಿತು. ಇಲ್ಲಿಗೆ ಬೇಕಾದ್ದು ಡಚ್ ಕೆರಿಬಿಯನ್ ವೀಸಾ, ಅದು ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾಗಿಂತ ಬೇರೆ. ಅಮೆರಿಕ, ಷೆಂಗೆನ್ ಥರದ ಮಲ್ಟಿಪಲ್ ಎಂಟ್ರಿ ವೀಸಾ ಈಗಾಗಲೇ ಕೈಯಲ್ಲಿದ್ದರೆ ವಿನಾಯಿತಿ ಸಿಗುತ್ತದೆ. ಟಿಕೆಟ್ ಮಾಡುವ ಮುಂಚೆ ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿಕೊಳ್ಳಿ.

2024ರ ಜುಲೈ 12ರಂದು ನೆದರ್ಲೆಂಡ್ಸಿನ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಕುರಸಾವ್ ಮತ್ತು ಅರೂಬಾ ಎರಡರಲ್ಲೂ ಸಲಿಂಗಿ ಮದುವೆ ಕಾನೂನಾಯಿತು. ಅದಕ್ಕೂ ಮುಂಚೆಯೇ ವಿಲ್ಲೆಮ್‌ಸ್ಟಾಡ್‌ನಲ್ಲಿ ಪ್ರೈಡ್ ನಡೆಯುತ್ತಿತ್ತು. ಬಣ್ಣಬಣ್ಣದ ಡಚ್ ಮನೆಗಳ ಈ ಊರು 1997ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ದೋಣಿಗಳ ಮೇಲೆ ತೇಲುವ ಕ್ವೀನ್ ಎಮ್ಮಾ ಸೇತುವೆ 1888ರದ್ದು. ಹಡಗು ಬಂದಾಗ ಇಡೀ ಸೇತುವೆಯೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ, ಅದರ ಮೇಲೆ ನಿಂತವರನ್ನೂ ಸೇರಿಸಿಕೊಂಡು.

ರೋಡ್ ಟ್ರಿಪ್ ಅನ್ನುವಷ್ಟು ರಸ್ತೆ ಮಾತ್ರ ಇಲ್ಲಿಲ್ಲ. ದ್ವೀಪದ ಉದ್ದವೇ 60 ಕಿ.ಮೀ. ಆಸುಪಾಸು. ಊರಿನಿಂದ ಪಶ್ಚಿಮ ತುದಿಯ ವೆಸ್ಟ್‌ಪಂಟ್‌ಗೆ ಒಂದು ತಾಸಿನ ದಾರಿ. ಆದರೆ ದಾರಿಯುದ್ದಕ್ಕೂ ಒಂದೊಂದು ತಿರುವಿನಲ್ಲೂ ಒಂದೊಂದು ಪುಟ್ಟ ಬೀಚು. ಪೋರ್ಟೊ ಮಾರಿ, ಆಮೆಗಳು ಮೀನುಗಾರರ ಹತ್ತಿರವೇ ಈಜುವ ಪ್ಲಾಯಾ ಪಿಸ್ಕಾಡೊ, ಎಲ್ಲರೂ ಫೋಟೊ ಹಾಕುವ ಕೆನೆಪಾ ಗ್ರಾಂಡಿ. ಆ ಫೋಟೊ ಹಾಕುವವರು ಹೇಳದ ಸಂಗತಿ ಒಂದಿದೆ. 1795ರಲ್ಲಿ ತುಲಾ ಅನ್ನುವವನ ಮುಂದಾಳತ್ವದಲ್ಲಿ ಗುಲಾಮರು ದಂಗೆ ಎದ್ದದ್ದು ಇದೇ ಕೆನೆಪಾ ತೋಟದಿಂದ. ಕ್ರಿಸ್ಟೋಫೆಲ್ ಬೆಟ್ಟ 372 ಮೀಟರ್ ಅಷ್ಟೇ, ಆದರೂ ಬೆಳಗ್ಗೆಯೇ ಹತ್ತಬೇಕು, ಬಿಸಿಲು ಏರಿದ ಮೇಲೆ ಆಗುವುದಿಲ್ಲ. ಇದು ಒಣ ದ್ವೀಪ: ಪಾಪಾಸುಕಳ್ಳಿ, ಗಾಳಿಗೆ ಬಾಗಿದ ಮರ, ಉಪ್ಪಿನ ಕೆರೆಯಲ್ಲಿ ಫ್ಲೆಮಿಂಗೊ. ಹಸಿರು ಬೆಟ್ಟ, ಜಲಪಾತ ಬೇಕು ಅನ್ನುವವರಿಗೆ ನಿರಾಸೆಯಾಗುತ್ತದೆ.

ಕುರಸಾವ್ ಗೆಲ್ಲುವುದು ಹವಾಮಾನದಲ್ಲಿ. ಅಟ್ಲಾಂಟಿಕ್ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30, ಆಗಸ್ಟಿನಿಂದ ಅಕ್ಟೋಬರ್ ಅತಿ ಕೆಟ್ಟದ್ದು. ಪೋರ್ಟೊರಿಕೊವನ್ನು ಮರಿಯಾ ಚಂಡಮಾರುತ ಚಿಂದಿ ಮಾಡಿದ್ದು 2017ರ ಸೆಪ್ಟೆಂಬರ್ 20ರಂದು, ಫಿಯೋನಾ ಬಂದದ್ದು 2022ರ ಸೆಪ್ಟೆಂಬರಿನಲ್ಲಿ. ಕುರಸಾವ್ ವೆನೆಜುವೆಲಾ ದಡದ ಹತ್ತಿರ, ಚಂಡಮಾರುತಗಳ ಮಾಮೂಲಿ ದಾರಿಗಿಂತ ದಕ್ಷಿಣಕ್ಕಿದೆ. ರಜೆ ಸೆಪ್ಟೆಂಬರಿನಲ್ಲಿಯೇ ಸಿಗುವುದು ಅಂದರೆ ಬೇರೆ ಯೋಚನೆ ಬೇಡ.

ಗ್ವಾಡಲೂಪ್: ರಸ್ತೆ ಚೆಂದ, ಕಾಗದಪತ್ರ ಜಾಸ್ತಿ

ಗ್ವಾಡಲೂಪ್ ಫ್ರಾನ್ಸಿನ ಜಿಲ್ಲೆ. ದುಡ್ಡು ಯೂರೊ, ಮದುವೆ ಕಾನೂನು 2013ರದ್ದು. ನಿಮ್ಮ ಷೆಂಗೆನ್ ವೀಸಾ ಮಾತ್ರ ಇಲ್ಲಿ ತಾನಾಗಿಯೇ ನಡೆಯುವುದಿಲ್ಲ. ಅರ್ಜಿ ಹಾಕುವಾಗಲೇ ಈ ದ್ವೀಪವನ್ನೂ ಕೇಳಿಕೊಳ್ಳಬೇಕು. ಬೆಂಗಳೂರಿನ ವಿಮಾನ ಇಳಿಯುವುದು ಪ್ಯಾರಿಸ್ಸಿನ ಷಾರ್ಲ್ ದ ಗಾಲ್‌ನಲ್ಲಿ, ಗ್ವಾಡಲೂಪ್‌ಗೆ ಹಲವು ವಿಮಾನಗಳು ಹೊರಡುವುದು ಊರಿನ ಆ ಕಡೆಯ ಓರ್ಲಿಯಿಂದ. ಹಾಗಾದರೆ ಪ್ಯಾರಿಸ್ಸಿಗೂ ವೀಸಾ ಬೇಕು. ಎರಡು ದಿನ ಪ್ಯಾರಿಸ್ಸಿನಲ್ಲಿ ನಿಂತು ಹೋಗುವವರಿಗೆ ಇದೇ ಒಳ್ಳೆಯ ನೆಪ.

ದ್ವೀಪ ಚಿಟ್ಟೆಯ ಆಕಾರದಲ್ಲಿದೆ. ಒಂದು ರೆಕ್ಕೆ ಬಯಲು, ಬೀಚು. ಇನ್ನೊಂದು ರೆಕ್ಕೆ ಬಾಸ್-ತೇರ್, ಅಲ್ಲಿ 1467 ಮೀಟರಿನ ಸೂಫ್ರಿಯೇರ್ ಜ್ವಾಲಾಮುಖಿ, ಕಾರ್ಬೆ ಜಲಪಾತ, ದಟ್ಟ ಕಾಡಿನ ನಡುವೆ ಹಾಯುವ ತ್ರಾವೆರ್ಸೆ ರಸ್ತೆ. ಮಡಿಕೇರಿ, ಆಗುಂಬೆ ಕಡೆ ಓಡಿಸಿದವರಿಗೆ ಇದು ಕಷ್ಟವಲ್ಲ, ಎಡ-ಬಲ ಬದಲಾಗಿದೆ ಅಷ್ಟೇ. ಬಾಡಿಗೆಗೆ ಸಿಗುವುದು ಹೆಚ್ಚಾಗಿ ಗೇರಿನ ಕಾರು. ಆಟೊಮ್ಯಾಟಿಕ್ ಬೇಕಿದ್ದರೆ ತಿಂಗಳುಗಟ್ಟಲೆ ಮುಂಚೆ ಹೇಳಿಡಿ.

ಕ್ಯಾಪೆಸ್ಟೆರ್ ಊರಿನ ಹತ್ತಿರ ರಸ್ತೆಬದಿಯಲ್ಲಿ ಷಾಂಜಿ ದೇವಸ್ಥಾನ ಕಾಣಿಸಿದರೆ ಕಾರು ನಿಲ್ಲಿಸಿ. 1854ರಿಂದ ಕೂಲಿ ಕರಾರಿನ ಮೇಲೆ ಭಾರತದಿಂದ ಸುಮಾರು 40 ಸಾವಿರ ಜನರನ್ನು ಇಲ್ಲಿಗೆ ತಂದರು, ಅವರಲ್ಲಿ ಹೆಚ್ಚಿನವರು ತಮಿಳರು. ಕೊತ್ತಂಬರಿ, ಜೀರಿಗೆ, ಮೆಂತ್ಯ, ಅರಿಶಿನದ ‘ಕೊಲೊಂಬೊ’ ಪುಡಿ ಇವತ್ತು ಇಡೀ ದ್ವೀಪದ ಅಡುಗೆಯಲ್ಲಿದೆ. ಹಾಗಂತ ನೀವು ಭಾರತದವರು ಅಂತ ಯಾರೂ ತಬ್ಬಿಕೊಳ್ಳಲು ಬರುವುದಿಲ್ಲ, ಅವರ ಮಾತು ಫ್ರೆಂಚ್, ಕ್ರಿಯೋಲ್.

ಪ್ಯಾರಿಸ್ಸಿನ ಕಾನೂನು ಇದ್ದ ಮಾತ್ರಕ್ಕೆ ಪ್ಯಾರಿಸ್ಸಿನ ನಡವಳಿಕೆ ಇರುತ್ತದೆ ಅಂದುಕೊಳ್ಳಬೇಡಿ. ಜನ ಸಂಪ್ರದಾಯಸ್ಥರು, ಕ್ವಿಯರ್ ಬಾರು, ಬೀಚು ಅಂತ ಕಣ್ಣಿಗೆ ಬೀಳುವುದು ಕಡಿಮೆ. ಇಬ್ಬರೇ ಇರಬೇಕು, ಕಾಡು ಬೆಟ್ಟ ಸುತ್ತಬೇಕು ಅನ್ನುವ ಜೋಡಿಗೆ ಇದು ಹೊಂದುತ್ತದೆ. ಸಂಜೆ ಹೊತ್ತು ನಮ್ಮಂಥವರ ಗುಂಪಿನಲ್ಲಿ ಕೂತು ಹರಟಬೇಕು ಅಂದರೆ ಪೋರ್ಟೊರಿಕೊ.

ವೀಸಾದ ಉಸಾಬರಿ ಬೇಡ ಅಂದರೆ

ಬಾರ್ಬಡೋಸ್‌ಗೆ ನಮಗೆ ವೀಸಾ ಬೇಡ. 2022ರ ಡಿಸೆಂಬರಿನಲ್ಲಿ ಅಲ್ಲಿನ ಹೈಕೋರ್ಟು ಹಳೇ ಕಾನೂನನ್ನು ಕಿತ್ತುಹಾಕಿತು. ಮದುವೆಗೆ ಮಾನ್ಯತೆ ಇಲ್ಲ, ಆದರೆ ಜೈಲಿನ ಭಯವೂ ಇಲ್ಲ. ನಮ್ಮ ದೇಶದಲ್ಲಿ ಈಗ ಇರುವ ಸ್ಥಿತಿಯೇ ಅಲ್ವಾ. ಎಡಗಡೆ ಓಡಿಸುವುದು ಒಂದು ಸುಖ. ಬಾಡಿಗೆ ಕಾರಿನ ನಂಬರ್ ಪ್ಲೇಟು ‘ಎಚ್’ ಅಕ್ಷರದಿಂದ ಶುರುವಾಗುವುದರಿಂದ ನೀವು ಹೊರಗಿನವರು ಅಂತ ಎಲ್ಲರಿಗೂ ಗೊತ್ತಾಗುತ್ತದೆ, ದಾರಿ ಬಿಡುತ್ತಾರೆ. ಕೇವಲ 34 ಕಿ.ಮೀ. ಉದ್ದದ ದ್ವೀಪ. ಬಾತ್‌ಷೀಬಾ ಕಡೆಯ ಪೂರ್ವ ದಡ ನೋಡಿ, ಶುಕ್ರವಾರ ರಾತ್ರಿ ಆಯ್ಸ್ಟಿನ್ಸ್‌ನಲ್ಲಿ ಸುಟ್ಟ ಮೀನು ತಿಂದರೆ ಅರ್ಧ ಮುಗಿಯಿತು. ಲಂಡನ್ ಮೇಲೆ ಹೋದರೆ ಬ್ರಿಟನ್ನಿನ ಟ್ರಾನ್ಸಿಟ್ ವೀಸಾ ಕೇಳಬಹುದು, ಅಲ್ಲಿಗೆ ವೀಸಾ ಬೇಡ ಅನ್ನುವ ಲಾಭ ಅರ್ಧ ಕರಗಿತು.

ಡೊಮಿನಿಕಾ (ಡೊಮಿನಿಕನ್ ರಿಪಬ್ಲಿಕ್ ಬೇರೆ ದೇಶ, ಟಿಕೆಟ್ ಮಾಡುವಾಗ ಹುಷಾರು) 2024ರ ಏಪ್ರಿಲ್‌ನಲ್ಲಿ ಇದೇ ದಾರಿ ಹಿಡಿಯಿತು. ಬೀಚಿಗಿಂತ ಬಿಸಿನೀರಿನ ಚಿಲುಮೆ, ಜಲಪಾತ, ಇಕ್ಕಟ್ಟಾದ ಬೆಟ್ಟದ ರಸ್ತೆ. ಸಾಹಸದ ಜೋಡಿಗೆ ಸರಿ. ಸೇಂಟ್ ಲೂಸಿಯಾದ ಕೋರ್ಟೂ 2025ರ ಜುಲೈನಲ್ಲಿ ಹಾಗೇ ತೀರ್ಪು ಕೊಟ್ಟಿದೆ, ಆದರೆ ತೀರ್ಪು ಇಷ್ಟು ಹೊಸದಾಗಿರುವ ಕಡೆ ನಾನಾದರೆ ಒಂದೆರಡು ವರ್ಷ ಕಾದು ನೋಡುತ್ತೇನೆ.

ಹಾಗೆ ಕಾಯಲು ಕಾರಣ ಟ್ರಿನಿಡಾಡ್. ಅಲ್ಲಿ 2018ರಲ್ಲಿ ಕೋರ್ಟು ಕಾನೂನನ್ನು ತೆಗೆಯಿತು, 2025ರ ಮಾರ್ಚಿನಲ್ಲಿ ಮೇಲಿನ ಕೋರ್ಟು ಅದನ್ನು ಮತ್ತೆ ತಂದಿತು. ಜಮೈಕಾದಲ್ಲಿ ಗಂಡಸರಿಗೆ 10 ವರ್ಷದವರೆಗೆ ಶಿಕ್ಷೆ ಅಂತ ಪುಸ್ತಕದಲ್ಲಿ ಇನ್ನೂ ಇದೆ. ರೆಸಾರ್ಟಿಗೆ ಹೋಗಿ ಆರಾಮಾಗಿ ಬಂದವರು ಎಷ್ಟೋ ಜನ ಇದ್ದಾರೆ, ಸುಳ್ಳಲ್ಲ. ಕಾರಿನಲ್ಲಿ ದ್ವೀಪ ಸುತ್ತುವುದಕ್ಕೆ ನಾನು ಹೋಗಿ ಅನ್ನಲಾರೆ. ಕ್ಯೂಬಾದಲ್ಲಿ 2022ರಲ್ಲಿ ಜನಮತದಿಂದಲೇ ಸಲಿಂಗಿ ಮದುವೆ ಬಂತು, ಖುಷಿಯ ವಿಷಯ. ಆದರೆ ಪೆಟ್ರೋಲಿಗೂ ಕರೆಂಟಿಗೂ ಪರದಾಡುವ ದೇಶದಲ್ಲಿ, ಒಂದು ತುದಿಯಿಂದ ಇನ್ನೊಂದಕ್ಕೆ 1200 ಕಿ.ಮೀ. ಮೀರುವ ದ್ವೀಪದಲ್ಲಿ, ಹನಿಮೂನ್ ಕಾರು ಓಡಿಸುವುದು ಈಗ ಬೇಡ.

ಕೀಲಿ ಕೈಗೆ ಬರುವ ಮುಂಚೆ

ಭಾರತದ ಲೈಸೆನ್ಸ್ ಇರುವವರು ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳಿ, 1000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ಇಬ್ಬರ ಹೆಸರನ್ನೂ ಡ್ರೈವರ್ ಅಂತ ಬರೆಸಿ. ಅಮೆರಿಕದ ಕೆಲವು ಕಂಪನಿಗಳು ಗಂಡ ಅಥವಾ ಹೆಂಡತಿ ಎರಡನೇ ಡ್ರೈವರ್ ಆದರೆ ಜಾಸ್ತಿ ದುಡ್ಡು ಕೇಳುವುದಿಲ್ಲ. ಆ ರಿಯಾಯಿತಿ ನಿಮಗೂ ಸಲ್ಲುತ್ತದೆ, ಸಂಕೋಚ ಬಿಟ್ಟು ಕೇಳಿ. ಸಣ್ಣ ಗೆಸ್ಟ್‌ಹೌಸುಗಳಿಗೆ ಬುಕ್ ಮಾಡುವಾಗಲೇ ‘ನಾವಿಬ್ಬರೂ ದಂಪತಿ, ಒಂದೇ ದೊಡ್ಡ ಮಂಚ ಬೇಕು’ ಅಂತ ಬರೆದುಬಿಡಿ. ಬರುವ ಉತ್ತರದ ಧಾಟಿಯಲ್ಲೇ ಗೊತ್ತಾಗುತ್ತದೆ ಅಲ್ಲಿ ಉಳಿಯಬೇಕೋ ಬೇಡವೋ ಅಂತ. ಬೀಚಿನ ಬಳಿ ಕಾರಿನಲ್ಲಿ ಏನನ್ನೂ ಬಿಟ್ಟುಹೋಗಬೇಡಿ, ಯಾವ ದ್ವೀಪವಾದರೂ ಸರಿ.

ಕೊನೆಗೆ ಮದುವೆಯ ಕಾಗದ. ಅಮೆರಿಕದಲ್ಲೋ ಯುರೋಪಿನಲ್ಲೋ ರಿಜಿಸ್ಟರ್ ಆದವರು ಸರ್ಟಿಫಿಕೇಟಿನ ಪ್ರತಿ ಫೋನಿನಲ್ಲೂ ಪರ್ಸಿನಲ್ಲೂ ಇಟ್ಟುಕೊಳ್ಳಿ. ಊರಿನಲ್ಲಿ ಗೆಳೆಯರ ಮುಂದೆ ಹಾರ ಬದಲಾಯಿಸಿಕೊಂಡವರ ಹತ್ತಿರ ಆ ಕಾಗದ ಇರುವುದಿಲ್ಲ. 2023ರ ಅಕ್ಟೋಬರಿನಲ್ಲಿ ನಮ್ಮ ಸುಪ್ರೀಂ ಕೋರ್ಟು ಸಲಿಂಗಿ ಮದುವೆಗೆ ಬಾಗಿಲು ತೆರೆಯಲಿಲ್ಲ. ಅಂಥವರು ಹೊರಡುವ ಮುಂಚೆ ವಕೀಲರ ಹತ್ತಿರ ಹೋಗಿ, ಚಿಕಿತ್ಸೆಯ ವಿಷಯದಲ್ಲಿ ಒಬ್ಬರ ಪರವಾಗಿ ಇನ್ನೊಬ್ಬರು ತೀರ್ಮಾನ ಮಾಡಬಹುದು ಅನ್ನುವ ಪವರ್ ಆಫ್ ಅಟಾರ್ನಿಯನ್ನು ಇಂಗ್ಲಿಷಿನಲ್ಲಿ ಬರೆಸಿ ನೋಟರಿ ಮಾಡಿಸಿ. ಟ್ರಾವೆಲ್ ಇನ್ಶೂರೆನ್ಸಿನ ಅರ್ಜಿಯಲ್ಲಿ ತುರ್ತು ಸಂಪರ್ಕದ ಜಾಗಕ್ಕೆ ಅಪ್ಪ ಅಮ್ಮನ ನಂಬರಿನ ಬದಲು ಒಬ್ಬರು ಇನ್ನೊಬ್ಬರ ಹೆಸರು ಹಾಕಿ.